ಸೇತುವೆಯ ಕೇಬಲ್ ಅಲ್ಲಾಡಿದರೆ ಏನು ಮಾಡಬೇಕು: ಎಣಿಸುವುದರಿಂದ ಹಿಡಿದು ಡ್ಯಾಂಪರ್ ಕೂರಿಸುವವರೆಗೆ

ಕೋಲಾರದಿಂದ ಬೆಂಗಳೂರಿಗೆ ದಿನಾ ಓಡಾಡುವವರಿಗೆ ಕೆ.ಆರ್. ಪುರದ ತೂಗು ಸೇತುವೆಯ ಪರಿಚಯ ಮಾಡಿಕೊಡಬೇಕಿಲ್ಲ. ರೈಲು ಹಳಿ ದಾಟಿಸಲು ಕಟ್ಟಿದ ಈ ಸೇತುವೆ 2003ರಲ್ಲಿ ಶುರುವಾಯಿತು. ನಮಗೆ ಮಾತ್ರ ಅದು ಬಸ್ಸು ನಿಲ್ಲುವ ಜಾಗ. ಒಂದು ಮಳೆ ಸಂಜೆ ಹಾಗೇ ನಿಂತಿದ್ದಾಗ ಪಕ್ಕದ ಸೀಟಿನ ಡಿಪ್ಲೊಮಾ ಹುಡುಗ ಕಿಟಕಿಯಿಂದ ಕೇಬಲ್ ನೋಡುತ್ತಾ ಕೇಳಿದ: "ಸಾರ್, ಇಷ್ಟು ದಪ್ಪ ಕೇಬಲ್ಲೂ ಗಾಳಿಗೆ ಅಲ್ಲಾಡುತ್ತಾ?"

"ಅಲ್ಲಾಡುತ್ತೆ ಕಣಪ್ಪ."

"ಹಾಗಾದ್ರೆ ಗಟ್ಟಿಯಾಗಿ ಹಿಡಿದು ಕಟ್ಟಿಬಿಟ್ರೆ ಆಯ್ತಲ್ವಾ?"

ಅಲ್ಲೇ ಎಡವುವುದು. ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಗೇ ಅಂದುಕೊಂಡಿದ್ದೆ. ಹೊಸಕೋಟೆ ದಾಟುವಷ್ಟರಲ್ಲಿ ಅವನಿಗೆ ಹೇಳಿ ಮುಗಿಸಲಾಗಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಊರ ಬಾಯಲ್ಲಿ ಎಲ್ಲವೂ ತೂಗು ಸೇತುವೆಯೇ. ಇಲ್ಲಿ ನಾನು ಹೇಳುತ್ತಿರುವುದು ಕಂಬದಿಂದ ನೇರವಾಗಿ ರಸ್ತೆಗೆ ಓರೆಯಾಗಿ ಇಳಿಯುವ ಕೇಬಲ್‌ಗಳ ಬಗ್ಗೆ. ಸೇತುವೆ ಅಂದ ಕೂಡಲೇ ಎಲ್ಲರೂ 1940ರಲ್ಲಿ ಅಮೆರಿಕದ ಟಕೋಮಾ ಸೇತುವೆ ತಿರುಚಿಕೊಂಡು ಬಿದ್ದ ವಿಡಿಯೊ ತೋರಿಸುತ್ತಾರೆ. ಅಲ್ಲಿ ಕುಣಿದದ್ದು ರಸ್ತೆಯ ಹಾಸು. ಆ ಕಾಯಿಲೆ ಬೇರೆ, ಅದರ ಮದ್ದೂ ಬೇರೆ.

ಹಂತ 1: ಅಲ್ಲಾಡಿಸುತ್ತಿರುವುದು ಯಾರು ಅಂತ ಪತ್ತೆ ಮಾಡಿ

ಮದ್ದು ಹುಡುಕುವ ಮೊದಲು ಒಂದು ನೋಟ್‌ಬುಕ್ ಇಡಿ. ಯಾವ ಕೇಬಲ್, ಎಷ್ಟು ಹೊತ್ತಿಗೆ, ಮಳೆ ಇತ್ತಾ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಕೇಬಲ್ ಒಂದೇ ಹೊಟ್ಟೆಯಾಗಿ (ಉದ್ದಕ್ಕೂ ಒಂದೇ ಉಬ್ಬಾಗಿ) ಕುಣಿಯಿತಾ ಅಥವಾ ಎರಡು ಮೂರು ಹೊಟ್ಟೆಗಳಾಗಿ ಕುಣಿಯಿತಾ. ಫೋನಿನಲ್ಲಿ ವಿಡಿಯೊ ತೆಗೆದಿಡಿ. ಹಿಂದೆ ಒಂದು ವಿದ್ಯುತ್ ಕಂಬವೋ ಕಟ್ಟಡದ ಅಂಚೋ ಕಾಣುವಂತೆ ನಿಂತು ತೆಗೆದರೆ ಆಮೇಲೆ ಅಳೆಯಲು ಆಗುತ್ತದೆ.

ಮಳೆ ಇಲ್ಲ, ಹದವಾದ ಗಾಳಿ, ಕೇಬಲ್ ಸಣ್ಣಗೆ ನಡುಗುತ್ತಿದೆ ಅಂದರೆ ಅದು ಗಾಳಿಯ ಸಣ್ಣ ಸುಳಿಗಳ ಕೆಲಸ. ದುಂಡನೆಯ ವಸ್ತುವನ್ನು ದಾಟುವ ಗಾಳಿ ಬೆನ್ನ ಹಿಂದೆ ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ಸುಳಿ ಬಿಡುತ್ತದೆ. ಸೆಕೆಂಡಿಗೆ ಎಷ್ಟು ಸುಳಿ ಅಂತ ತಿಳಿಯಲು ಗಾಳಿಯ ವೇಗವನ್ನು 0.2ರಿಂದ ಗುಣಿಸಿ ವ್ಯಾಸದಿಂದ ಭಾಗಿಸಿದರೆ ಸಾಕು. ನಮ್ಮ ಕಡೆ ಟೊಮೆಟೊ ತೋಟದಲ್ಲಿ ಕಡ್ಡಿಯಿಂದ ಕಡ್ಡಿಗೆ ತಂತಿ ಎಳೆದಿರುತ್ತಾರಲ್ಲ, ಆಷಾಢದ ಗಾಳಿಗೆ ಅದು ಗುಂಯ್ ಅನ್ನುವುದನ್ನು ಕೇಳಿರುತ್ತೀರಿ. 4 ಮಿ.ಮೀ. ತಂತಿಗೆ ಸೆಕೆಂಡಿಗೆ 5 ಮೀಟರ್ ಗಾಳಿ ಬಡಿದರೆ ಸುಮಾರು 250 ಸುಳಿ. ಅದಕ್ಕೇ ಆ ಸದ್ದು. ಅದೇ ಗಾಳಿ 180 ಮಿ.ಮೀ. ದಪ್ಪದ ಸೇತುವೆ ಕೇಬಲ್ಲಿಗೆ ಬಡಿದರೆ ಸೆಕೆಂಡಿಗೆ ಐದಾರು ಸುಳಿ ಅಷ್ಟೇ. ಕಿವಿಗೆ ಕೇಳುವುದಿಲ್ಲ, ಕೈಯಿಟ್ಟರೆ ತಿಳಿಯುತ್ತದೆ. ಇದರಿಂದ ದೊಡ್ಡ ಕುಣಿತ ಬರುವುದು ಅಪರೂಪ.

ಮಳೆ ಇದೆ, ಗಾಳಿ ಸೆಕೆಂಡಿಗೆ ಸುಮಾರು 6ರಿಂದ 15 ಮೀಟರ್, ಕೇಬಲ್ ಅಂಗೈ ಅಗಲವೋ ಮೊಳದುದ್ದವೋ ಕುಣಿಯುತ್ತಿದೆ ಅಂದರೆ ಅದೇ ನಿಜವಾದ ತಲೆನೋವು. ಓರೆಯಾಗಿರುವ ನುಣುಪು ಪೈಪಿನ ಮೇಲೆ ಮಳೆನೀರು ಸಣ್ಣ ಎಳೆಯಾಗಿ ಹರಿದು ಇಳಿಯುತ್ತದೆ. ಕೆಳಗಿನ ಎಳೆ ಇರಲಿ, ಮೇಲ್ಭಾಗದ ಎಳೆಯೇ ಕಿತಾಪತಿ. ಗಾಳಿಯ ಒತ್ತಡ ಅದನ್ನು ಕೆಳಗೆ ಬೀಳಲು ಬಿಡುವುದಿಲ್ಲ. ಕೇಬಲ್ ಅಲ್ಲಾಡಿದಂತೆ ಆ ಎಳೆಯೂ ಆಚೆ ಈಚೆ ಸರಿಯುತ್ತದೆ. ದುಂಡಗಿದ್ದ ಕೇಬಲ್ ಗಾಳಿಯ ಪಾಲಿಗೆ ಈಗ ದುಂಡಗಿಲ್ಲ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ ಪ್ರತಿ ಸುತ್ತಿಗೂ ಒಂದಿಷ್ಟು ತಳ್ಳುತ್ತದೆ.

ಇದು ಮೊದಲು ಸ್ಪಷ್ಟವಾಗಿ ಬೆಳಕಿಗೆ ಬಂದದ್ದು 1980ರ ದಶಕದಲ್ಲಿ, ಜಪಾನಿನ ನಗೋಯಾದ ಮೇಕೊ ನಿಶಿ ಸೇತುವೆ ಕಟ್ಟುವಾಗ. ಒಣ ಗಾಳಿಗೆ ಸುಮ್ನೆ ಇದ್ದ ಕೇಬಲ್‌ಗಳು ಮಳೆ ಬಂದಾಗ ಕುಣಿದವು. ಇಷ್ಟು ಗೊತ್ತಾದ ಮೇಲೂ 1996ರಲ್ಲಿ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಎರಾಸ್ಮಸ್ ಸೇತುವೆ ಶುರುವಾದ ಎರಡೇ ತಿಂಗಳಿಗೆ ಮಳೆಗಾಳಿಯಲ್ಲಿ ಕೇಬಲ್‌ಗಳು ಕುಣಿದು, ಓಡಾಟ ನಿಲ್ಲಿಸಬೇಕಾಯಿತು. ತಾತ್ಕಾಲಿಕವಾಗಿ ಹಗ್ಗ ಕಟ್ಟಿ ಸಂಭಾಳಿಸಿ, ಆಮೇಲೆ ಹೈಡ್ರಾಲಿಕ್ ಡ್ಯಾಂಪರ್, ಅಂದರೆ ಎಣ್ಣೆಯ ತಡೆಯಿಂದ ಕುಣಿತ ಅಡಗಿಸುವ ಸಾಧನ, ಕೂರಿಸಿದರು.

ಮೂರನೆಯದು ಗಾಳಿ ನೇರವಾಗಿ ಕೇಬಲ್ಲಿಗೆ ಬಡಿದು ಆಗುವುದಲ್ಲ. ಲಾರಿಗಳಿಂದಲೋ ಗಾಳಿಯಿಂದಲೋ ರಸ್ತೆಯ ಹಾಸೇ ಅಲ್ಲಾಡಿ, ಅದರ ತಾಳ (ಸೆಕೆಂಡಿಗೆ ಎಷ್ಟು ಸಲ ಅಲ್ಲಾಡುತ್ತದೆ ಅನ್ನುವುದು) ಕೇಬಲ್ಲಿನ ತಾಳಕ್ಕೆ ಸಮನಾದರೆ ಅಥವಾ ಎರಡರಷ್ಟಾದರೆ ಕೇಬಲ್ ತಾನೇ ಕುಣಿಯಲು ಶುರು ಮಾಡುತ್ತದೆ. ಹೀಗಿದ್ದರೆ ಕೇಬಲ್ಲಿನ ತಾಳವನ್ನೇ ಬದಲಿಸಬೇಕು. ಬರೀ ಡ್ಯಾಂಪರ್ ನಂಬಿ ಕೂರಬೇಡಿ.

ಹಂತ 2: ತಾಳ ಎಣಿಸಿ, ಎಳೆತ ಲೆಕ್ಕ ಹಾಕಿ

ಸೇತುವೆಗೆ ಹೋಗುವ ಮೊದಲು ಮನೆಯಲ್ಲೇ ಕೈ ಪಳಗಿಸಿಕೊಳ್ಳಿ. ನಾನು ಕೋಲಾರದ ನಮ್ಮ ಟೆರೇಸಿನಲ್ಲಿ ಎರಡು ಪ್ಯಾರಪೆಟ್ ಗೋಡೆಗಳ ನಡುವೆ 9 ಮೀಟರ್ ಉಕ್ಕಿನ ರೋಪ್ ಎಳೆದಿದ್ದೇನೆ. 4 ಮಿ.ಮೀ. ರೋಪ್, ಒಂದು ಕಡೆ ಟರ್ನ್‌ಬಕಲ್ (ತಿರುಗಿಸಿ ರೋಪ್ ಬಿಗಿ ಮಾಡುವ ತಿರುಪು). ತೂಕ ನೋಡಲು ಕಿರಾಣಿ ಅಂಗಡಿಯ ತಕ್ಕಡಿ ಸಾಕು: 10 ಮೀಟರ್‌ಗೆ 600 ಗ್ರಾಂ, ಅಂದರೆ ಮೀಟರಿಗೆ 60 ಗ್ರಾಂ.

ನಮ್ಮ ಪಕ್ಕದ ಮನೆಯ ತಾತ ಕೆಜಿಎಫ್ ಗಣಿಯಲ್ಲಿ, ರೋಪ್ ಸುತ್ತಿ ಜನರನ್ನೂ ಅದಿರನ್ನೂ ಮೇಲೆತ್ತುವ ವೈಂಡಿಂಗ್ ಎಂಜಿನ್ ಕಡೆ ಕೆಲಸ ಮಾಡಿದವರು. ಗಣಿ 2001ರಲ್ಲಿ ಮುಚ್ಚಿತು, ರೋಪ್ ನೋಡುವ ಕಣ್ಣು ಮಾತ್ರ ಮುಚ್ಚಿಲ್ಲ. ನಾನು ತಂದ ರೋಪಿನ ಸುತ್ತ ಒಂದು ಹಿಡಿ ಕಾಟನ್ ವೇಸ್ಟ್ ಸುತ್ತಿ ಉದ್ದಕ್ಕೂ ಎಳೆದರು. ಒಂದು ಕಡೆ ದಾರ ಸಿಕ್ಕಿಹಾಕಿಕೊಂಡಿತು. "ಇಲ್ಲಿ ಒಂದೆಳೆ ಹೋಗಿದೆ ನೋಡಪ್ಪ, ಇದನ್ನ ಕತ್ತರಿಸಿ ಆಚೆ ಹಾಕು" ಅಂದರು. ಬರಿಗೈಯಲ್ಲಿ ಎಳೆದಿದ್ದರೆ ಅಂಗೈ ಸೀಳುತ್ತಿತ್ತು.

ಈಗ ರೋಪಿನ ನಡುಭಾಗವನ್ನು ಎರಡು ಬೆರಳಷ್ಟು ಅಡ್ಡಕ್ಕೆ ಎಳೆದು ಬಿಡಿ. ಒಮ್ಮೆ ಆಚೆ ಹೋಗಿ ಈಚೆ ಬಂದರೆ ಒಂದು ಸುತ್ತು. 30 ಸುತ್ತಿಗೆ ಎಷ್ಟು ಸೆಕೆಂಡ್ ಅಂತ ನೋಡಿ. 10 ಸೆಕೆಂಡ್ ಬಂದರೆ ಸೆಕೆಂಡಿಗೆ 3 ಸುತ್ತು. ಕಣ್ಣಿಗೆ ಎಣಿಸಲು ಕಷ್ಟವಾದರೆ ಸ್ಲೋ ಮೋಷನ್ ವಿಡಿಯೊ ತೆಗೆಯಿರಿ. ಎಳೆತದ ಲೆಕ್ಕ ಹೀಗೆ: 4 ಗುಣಿಸು ಮೀಟರಿನ ತೂಕ, ಗುಣಿಸು ಉದ್ದದ ವರ್ಗ, ಗುಣಿಸು ತಾಳದ ವರ್ಗ. ಇಲ್ಲಿ 4 × 0.06 × 81 × 9, ಅಂದರೆ ಸುಮಾರು 175 ನ್ಯೂಟನ್. ಹದಿನೆಂಟು ಕೆ.ಜಿ. ತೂಗುಹಾಕಿದಷ್ಟು.

ಅಡ್ಡಕ್ಕೇ ಯಾಕೆ? ರೋಪ್ ಸ್ವಲ್ಪ ಜೋತುಬಿದ್ದಿರುತ್ತದೆ. ಮೇಲೆ ಕೆಳಗೆ ಕುಣಿಸಿದರೆ ಆ ಜೋತಿನಿಂದಾಗಿ ಮೊದಲ ತಾಳ ಸುಳ್ಳು ಹೇಳುತ್ತದೆ, ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ. ಸೇತುವೆಯ ಉದ್ದನೆಯ ಕೇಬಲ್‌ಗಳಿಗೂ ಇದೇ ಮಾತು. ಅಲ್ಲಿ ಅನುಭವಸ್ಥರು ಎರಡನೆಯ ತಾಳ, ಅಂದರೆ ಎರಡು ಹೊಟ್ಟೆಯ ಕುಣಿತವನ್ನು ಅಳೆದು ಅರ್ಧ ಮಾಡುತ್ತಾರೆ. ಅದಕ್ಕೆ ಜೋತಿನ ಕಾಟ ಇಲ್ಲ.

ದೊಡ್ಡ ಲೆಕ್ಕ ಒಂದು ಹಾಕೋಣ, ಮುಂದಕ್ಕೂ ಇದೇ ಬೇಕು. ಉದ್ದ 100 ಮೀಟರ್, ಮೀಟರಿಗೆ 60 ಕೆ.ಜಿ., ಹೊರ ಪೈಪಿನ ವ್ಯಾಸ 180 ಮಿ.ಮೀ., ತಾಳ ಸೆಕೆಂಡಿಗೆ 1.5. ಎಳೆತ 54 ಲಕ್ಷ ನ್ಯೂಟನ್ ಬರುತ್ತದೆ, ಹೆಚ್ಚುಕಡಿಮೆ 550 ಟನ್. ಸೈಟಿನಲ್ಲಿ ತಾಳ ನೋಡಲು ಕೇಬಲ್ಲಿಗೆ ಆಕ್ಸಿಲೆರೊಮೀಟರ್ (ಅಲ್ಲಾಟ ಅಳೆಯುವ ಸೆನ್ಸರ್) ಕಟ್ಟುತ್ತಾರೆ. ಟೆರೇಸಿನ ರೋಪಿಗೆ ಫೋನ್ ಕಟ್ಟಬೇಡಿ, ಫೋನಿನ ತೂಕವೇ ತಾಳ ಕೆಡಿಸುತ್ತದೆ. ಇನ್ನೊಂದು ಮಾತು, ಓಡಾಟವಿರುವ ಸೇತುವೆಯ ಕೇಬಲ್ಲನ್ನು ಅನುಮತಿ ಇಲ್ಲದೆ ಮುಟ್ಟಲು ಹೋಗಬೇಡಿ. ವಿಡಿಯೊ ಸಾಕು.

ಹಂತ 3: ಕುಣಿತ ಎಷ್ಟು ಬೇಗ ಸಾಯುತ್ತದೆ ನೋಡಿ

ಏಕತಾರಿ ಮೀಟಿದರೆ ನಾದ ಬಹಳ ಹೊತ್ತು ನಿಲ್ಲುತ್ತದೆ. ಗೋಣಿಚೀಲಕ್ಕೆ ಗುದ್ದಿದರೆ ಸದ್ದು ಅಲ್ಲೇ ಸಾಯುತ್ತದೆ. ಸೇತುವೆ ಕೇಬಲ್ ಏಕತಾರಿ ಜಾತಿಯದು. ತನ್ನ ಕುಣಿತವನ್ನು ತಾನೇ ಅರಗಿಸಿಕೊಳ್ಳುವ ಶಕ್ತಿ ಅದಕ್ಕೆ ತೀರಾ ಕಡಿಮೆ. ಆ ಶಕ್ತಿಗೇ ಡ್ಯಾಂಪಿಂಗ್ ಅನ್ನುವುದು.

ಅಳತೆ ಸುಲಭ. ಎಳೆದು ಬಿಡಿ. ಕುಣಿತದ ಅಗಲ ಅರ್ಧಕ್ಕೆ ಇಳಿಯುವವರೆಗೆ ಎಷ್ಟು ಸುತ್ತು ಅಂತ ಎಣಿಸಿ. 11ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಡ್ಯಾಂಪಿಂಗ್ ಶೇಕಡಾವಾರು ಸಿಗುತ್ತದೆ. 110 ಸುತ್ತು ಬೇಕಾಯಿತು ಅಂದರೆ ಶೇ. 0.1. ಏನೂ ಜೋಡಿಸದ ಕೇಬಲ್‌ಗಳು ಸಾಮಾನ್ಯವಾಗಿ ಶೇ. 0.1ರಿಂದ 0.3ರ ಆಸುಪಾಸಿನಲ್ಲೇ ಇರುತ್ತವೆ. ನಮ್ಮ ಟೆರೇಸಿನ ರೋಪಿಗೆ ಮೂವತ್ತೈದು ನಲವತ್ತು ಸುತ್ತು ಬೇಕಾಯಿತು.

ಹಂತ 4: ಎಷ್ಟು ಬೇಕು ಅಂತ ತೀರ್ಮಾನಿಸಿ

ಇದಕ್ಕೆ ಸ್ಕ್ರೂಟನ್ ಸಂಖ್ಯೆ ಅಂತ ಒಂದಿದೆ. ಮೀಟರಿನ ತೂಕವನ್ನು ಡ್ಯಾಂಪಿಂಗಿನಿಂದ ಗುಣಿಸಿ, ಗಾಳಿಯ ಸಾಂದ್ರತೆ ಮತ್ತು ವ್ಯಾಸದ ವರ್ಗದ ಗುಣಲಬ್ಧದಿಂದ ಭಾಗಿಸಬೇಕು. ಉತ್ತರ 10 ಅಥವಾ ಜಾಸ್ತಿ ಇದ್ದರೆ ಮಳೆಗಾಳಿಯ ಕುಣಿತ ತಲೆ ಎತ್ತುವುದಿಲ್ಲ ಎನ್ನುವುದು ವಿನ್ಯಾಸಕಾರರು ಒಪ್ಪಿಕೊಂಡಿರುವ ಅಳತೆಗೋಲು. ಪೈಪಿನ ಮೇಲೆ ಸುರುಳಿ ಏಣು ಇದ್ದರೆ 5 ಸಾಕು.

ನಮ್ಮ 100 ಮೀಟರ್ ಕೇಬಲ್: ಗಾಳಿಯ ಸಾಂದ್ರತೆ 1.2, ವ್ಯಾಸದ ವರ್ಗ 0.0324, ಗುಣಿಸಿದರೆ 0.039. ಡ್ಯಾಂಪಿಂಗ್ ಶೇ. 0.1 ಆದಾಗ 0.06 ಭಾಗಿಸು 0.039, ಅಂದರೆ ಒಂದೂವರೆ. ಪಾಸಾಗಲು ಹತ್ತು ಬೇಕಿದ್ದಲ್ಲಿ ಒಂದೂವರೆ! ಹತ್ತಕ್ಕೆ ಏರಬೇಕಾದರೆ ಶೇ. 0.65 ಡ್ಯಾಂಪಿಂಗ್ ಬೇಕು.

ಹಂತ 5: ಮೂರು ಮದ್ದುಗಳಲ್ಲಿ ಯಾವುದು

ಮೊದಲನೆಯದು ಮೈಮೇಲಿನ ಏಣು. ಕೇಬಲ್ಲಿನ ಹೊರ ಕವಚ ಎಚ್‌ಡಿಪಿಇ ಪೈಪ್, ನಮ್ಮ ತೋಟಗಳಿಗೆ ನೀರು ಹಾಯಿಸುವ ಕಪ್ಪು ಪೈಪಿನ ಜಾತಿಯದೇ. ಅದರ ಮೇಲೆ ಎರಡು ಮೂರು ಮಿ.ಮೀ. ಎತ್ತರದ ಏಣು ಸುರುಳಿಯಾಗಿ ಸುತ್ತಿಕೊಂಡು ಹೋಗುತ್ತದೆ. ನೀರಿನ ಎಳೆ ಉದ್ದಕ್ಕೂ ಒಂದೇ ಗೆರೆಯಾಗಿ ನಿಲ್ಲಲು ಅದು ಬಿಡುವುದಿಲ್ಲ. ಜಪಾನಿನ ತತಾರಾ ಸೇತುವೆಯಲ್ಲಿ ಏಣಿನ ಬದಲು ಗುಳಿಗಳನ್ನು ಒತ್ತಿದ್ದಾರೆ, ಗಾಲ್ಫ್ ಚೆಂಡಿನ ಹಾಗೆ. ಹೊಸ ಸೇತುವೆಯಾದರೆ ಏಣಿಲ್ಲದ ಪೈಪನ್ನು ಒಪ್ಪಿಕೊಳ್ಳಲೇಬೇಡಿ. ಕಾರ್ಖಾನೆಯಲ್ಲೇ ಬರುವ ಇದಕ್ಕೆ ಖರ್ಚು ಕಡಿಮೆ. ಹಳೆ ಕೇಬಲ್ಲಿಗೆ ಆಮೇಲೆ ಸುತ್ತುವುದು ಭಾರಿ ರಗಳೆ.

ಎರಡನೆಯದು ಅಡ್ಡಹಗ್ಗ. ಒಂದು ಕೇಬಲ್ಲಿನಿಂದ ಇನ್ನೊಂದಕ್ಕೆ ತೆಳು ಹಗ್ಗ ಕಟ್ಟಿ ಎಲ್ಲವನ್ನೂ ಒಂದು ಬಲೆಯಾಗಿಸುವುದು. ಫ್ರಾನ್ಸಿನ ನಾರ್ಮಂಡಿ ಸೇತುವೆಯಲ್ಲಿ ಇದೆ. ಬೇರೆ ಬೇರೆ ಉದ್ದದ ಕೇಬಲ್‌ಗಳ ತಾಳ ಬೇರೆ ಬೇರೆ, ಆದ್ದರಿಂದ ಒಂದು ಕುಣಿಯಲು ಹೊರಟರೆ ಉಳಿದವು ತಡೆಯುತ್ತವೆ. ತಾಳ ಏರುತ್ತದೆ, ಡ್ಯಾಂಪಿಂಗ್ ಮಾತ್ರ ಅಷ್ಟಾಗಿ ಹೆಚ್ಚುವುದಿಲ್ಲ. ಸಡಿಲವಾದ ಅಡ್ಡಹಗ್ಗ ಇಲ್ಲದ್ದಕ್ಕಿಂತ ಕೆಟ್ಟದ್ದು, ಜಗ್ಗಿ ಜಗ್ಗಿ ಬುಡದಲ್ಲೇ ಕಿತ್ತುಬರುತ್ತದೆ. ನೋಡಲೂ ಚೆನ್ನಾಗಿರುವುದಿಲ್ಲ. ಹಾಸಿನ ತಾಳದ ಕಾಟ ಇದ್ದರೆ ಮಾತ್ರ ನಾನು ಇದರ ಕಡೆ ನೋಡುತ್ತೇನೆ.

ಮೂರನೆಯದು ಡ್ಯಾಂಪರ್. ಇದರ ಚಿಕ್ಕ ತಮ್ಮನನ್ನು ನೀವು ದಿನಾ ನೋಡುತ್ತೀರಿ. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ 500 ಕಿಲೋವೋಲ್ಟ್ ಡಿ.ಸಿ. ಲೈನ್ ಬಂದಿದೆಯಲ್ಲ, ಅಂಥ ದೊಡ್ಡ ಲೈನ್‌ಗಳಲ್ಲಿ ಟವರಿನ ಹತ್ತಿರ ತಂತಿಗೆ ಡಂಬೆಲ್ ಥರದ ಎರಡು ಗುಂಡುಗಳು ನೇತಾಡುತ್ತವೆ. 1920ರ ದಶಕದಲ್ಲಿ ಅಮೆರಿಕದ ಸ್ಟಾಕ್‌ಬ್ರಿಜ್ ಎಂಬ ಎಂಜಿನಿಯರ್ ಮಾಡಿದ್ದು. ಗುಂಡುಗಳನ್ನು ಹಿಡಿದಿರುವ ಗಿಡ್ಡ ರೋಪಿನ ಎಳೆಗಳು ಒಂದಕ್ಕೊಂದು ಉಜ್ಜಿ ಗಾಳಿಯ ನಡುಕವನ್ನು ತಿಂದುಹಾಕುತ್ತವೆ. ಸೇತುವೆಯ ಮಳೆ ಕುಣಿತಕ್ಕೆ ಅಷ್ಟು ಸಾಲದು. ಅಲ್ಲಿ ಬೇಕಾದ್ದು ಎಣ್ಣೆಯದೋ ರಬ್ಬರಿನದೋ ಉಜ್ಜುವ ಪಟ್ಟಿಯದೋ ದೊಡ್ಡ ಡ್ಯಾಂಪರ್.

ಹಂತ 6: ಡ್ಯಾಂಪರ್ ಎಷ್ಟು ಗಟ್ಟಿ ಇರಬೇಕು (ಬೆಲ್ಲದ ಪಾಕದ ಕಥೆ)

ಆ ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ರೋಪಿನ ತುದಿಯಿಂದ 45 ಸೆಂ.ಮೀ. ದೂರದಲ್ಲಿ, ಅಂದರೆ ಉದ್ದದ ಶೇ. 5ರಲ್ಲಿ, ಒಂದು ಗಟ್ಟಿ ಕಡ್ಡಿಯನ್ನು ನೇರ ಕೆಳಕ್ಕೆ ಕಟ್ಟಿದೆ. ಕಡ್ಡಿಯ ತುದಿಗೆ ಪ್ಲೈವುಡ್ ಬಿಲ್ಲೆ. ಬಿಲ್ಲೆ ಇಳಿಯುವುದು ತಳ ಮುಚ್ಚಿದ ಪಿವಿಸಿ ಪೈಪ್ ತುಂಡಿನೊಳಕ್ಕೆ, ಸುತ್ತಲೂ 2 ಮಿ.ಮೀ. ಸಂದು. ಈ ಸಲ ರೋಪನ್ನು ಅಡ್ಡಕ್ಕಲ್ಲ, ಕೆಳಕ್ಕೆ ಎಳೆದು ಬಿಡಬೇಕು.

ಪೈಪಿಗೆ ಮೊದಲು ನೀರು ಹಾಕಿದೆ. ಏನೂ ವ್ಯತ್ಯಾಸ ಇಲ್ಲ. ಆಮೇಲೆ ಸ್ಕೂಟರಿಗೆ ತಂದು ಉಳಿದಿದ್ದ ಎಂಜಿನ್ ಆಯಿಲ್. ಆರೇಳು ಸುತ್ತಿಗೇ ಅರ್ಧಕ್ಕಿಳಿಯಿತು. ಖುಷಿಯಾಗಿ, ಇನ್ನೂ ಮಂದ ಮಾಡಿದರೆ ಇನ್ನೂ ಚೆನ್ನಾಗುತ್ತದೆ ಅಂದುಕೊಂಡು ಅಡುಗೆಮನೆಯ ಬೆಲ್ಲ ಕರಗಿಸಿ ಪಾಕ ಮಾಡಿ ಸುರಿದೆ. ಆರಿದ ಮೇಲೆ ಬಿಲ್ಲೆ ಕಚ್ಚಿಕೊಂಡಿತು. ರೋಪ್ ಎಳೆದು ಬಿಟ್ಟರೆ ಕಡ್ಡಿ ಮಿಸುಕಲೇ ಇಲ್ಲ, ರೋಪ್ ಮಾತ್ರ ಹಿಂದಿನಂತೆಯೇ ಕುಣಿಯುತ್ತಿತ್ತು. ಎಣಿಸಿದರೆ ಮತ್ತೆ ಮೂವತ್ತರ ಮೇಲೆ. ಅಷ್ಟರಲ್ಲಿ ಅಮ್ಮ ಮೇಲೆ ಬಂದು, "ಹಬ್ಬಕ್ಕೆ ಇಟ್ಟಿದ್ದ ಬೆಲ್ಲ ಕಣೋ ಅದು!" ಅಂದರು.

ಆಗಿದ್ದು ಇಷ್ಟೇ. ಕಡ್ಡಿ ಗಟ್ಟಿಯಾಗಿ ಹಿಡಿದುಕೊಂಡ ಜಾಗವೇ ರೋಪಿಗೆ ಹೊಸ ತುದಿಯಾಯಿತು. 9 ಮೀಟರ್ ರೋಪ್ ಎಂಟೂವರೆ ಮೀಟರ್ ಆಗಿ ಆರಾಮಾಗಿ ಕುಣಿಯಿತು. ಡ್ಯಾಂಪರ್ ಸರಿದರೆ ತಾನೇ ಶಕ್ತಿ ತಿನ್ನುವುದು? ಸರಿಯದ ಡ್ಯಾಂಪರ್ ಬರೀ ಗೂಟ. ನೀರಿನಷ್ಟು ತೆಳುವಾದರೆ ಸುಮ್ನೆ ಜಾರುತ್ತದೆ, ಹಿಡಿತವಿಲ್ಲ. ಎರಡರ ನಡುವೆ ಒಂದು ಹದ ಇದೆ.

ಆ ಹದ ಸಿಕ್ಕಾಗ ಗರಿಷ್ಠ ಡ್ಯಾಂಪಿಂಗ್ ಎಷ್ಟು ಅಂದರೆ, ತುದಿಯಿಂದ ಡ್ಯಾಂಪರ್ ಇರುವ ದೂರ ಉದ್ದದ ಶೇಕಡಾ ಎಷ್ಟೋ ಅದರ ಅರ್ಧ. ನಮ್ಮ 100 ಮೀಟರ್ ಕೇಬಲ್ಲಿಗೆ 2.5 ಮೀಟರ್‌ನಲ್ಲಿ ಕೂರಿಸಿದರೆ ಶೇ. 1.25. ಹದದ ಗಟ್ಟಿತನಕ್ಕೆ ಮೀಟರಿನ ತೂಕ, ಉದ್ದ, ತಾಳದ 6.28 ಪಟ್ಟು ಮೂರನ್ನೂ ಗುಣಿಸಿ, ಅದರ ಹತ್ತನೇ ಒಂದು ಭಾಗ ತೆಗೆದು, ದೂರದ ಅನುಪಾತದಿಂದ, ಇಲ್ಲಿ 0.025ರಿಂದ, ಭಾಗಿಸಿ. ಸುಮಾರು 2,26,000 ಬರುತ್ತದೆ. ಸೆಕೆಂಡಿಗೆ 1 ಸೆಂ.ಮೀ. ವೇಗದಲ್ಲಿ ಸರಿಯುವಾಗ 230 ಕೆ.ಜಿ.ಯಷ್ಟು ತಡೆ ಕೊಡುವ ಡ್ಯಾಂಪರ್ ಅಂತ ಅರ್ಥ.

ಶೇ. 0.65 ಬೇಕಿತ್ತು, 1.25 ಸಿಕ್ಕಿತು, ಮುಗಿಯಿತು ಅನ್ನಬೇಡಿ. ಬ್ರಾಕೆಟ್ ಬಾಗುತ್ತದೆ, ಕೇಬಲ್ ಜೋತುಬಿದ್ದಿರುತ್ತದೆ, ಬುಷ್ ಸಡಿಲವಾಗುತ್ತದೆ, ಒಂದೇ ಡ್ಯಾಂಪರ್ ಎಲ್ಲ ತಾಳಗಳಿಗೂ ಹದವಾಗಿರುವುದಿಲ್ಲ. ನಾನು ಅರ್ಧ ಮಾತ್ರ ಸಿಗುತ್ತದೆ ಅಂತ ಇಟ್ಟುಕೊಳ್ಳುತ್ತೇನೆ. ಅರ್ಧ ಅಂದರೆ ಶೇ. 0.62, ಕೂದಲೆಳೆಯಲ್ಲಿ ಫೇಲು. 4 ಮೀಟರಿಗೆ ಸರಿಸಿದರೆ ಗರಿಷ್ಠ ಶೇ. 2, ಅರ್ಧ ಶೇ. 1, ಸ್ಕ್ರೂಟನ್ ಸಂಖ್ಯೆ 15 ದಾಟುತ್ತದೆ. 30 ಡಿಗ್ರಿ ಓರೆಯ ಕೇಬಲ್ಲಿನಲ್ಲಿ 4 ಮೀಟರ್ ಅಂದರೆ ಎತ್ತರ 2 ಮೀಟರ್, ಏಣಿಯಿಂದ ನೋಡಿಕೊಳ್ಳಬಹುದು. ದೂರ ಬದಲಾದರೆ ಹದದ ಗಟ್ಟಿತನವನ್ನೂ ಮತ್ತೆ ಲೆಕ್ಕ ಹಾಕಬೇಕು. ಇದನ್ನು ಮರೆಯುವವರೇ ಜಾಸ್ತಿ.

ಬೇಕಾದಂತೆ ಗಟ್ಟಿತನ ಬದಲಿಸಬಹುದಾದ ಕಾಂತೀಯ ದ್ರವದ ಡ್ಯಾಂಪರ್‌ಗಳೂ ಇವೆ, ಚೀನಾದ ಡಾಂಗ್‌ಟಿಂಗ್ ಸರೋವರದ ಸೇತುವೆಯಲ್ಲಿ ಹಾಕಿದ್ದಾರೆ. ಸಾಮಾನ್ಯ ಸೇತುವೆಗೆ ಅಷ್ಟು ಬೇಕಿಲ್ಲ.

ಹಂತ 7: ಕೂರಿಸುವಾಗ

ಡ್ಯಾಂಪರ್ ಕೇಬಲ್ಲಿಗೆ ಲಂಬವಾಗಿರಬೇಕು, ನೆಲಕ್ಕಲ್ಲ. ಕೇಬಲ್ ಮೇಲೆ ಕೆಳಗೂ ಕುಣಿಯುತ್ತದೆ, ಅಕ್ಕಪಕ್ಕಕ್ಕೂ ಕುಣಿಯುತ್ತದೆ. ಹಾಗಾಗಿ ಎರಡು ಡ್ಯಾಂಪರ್‌ಗಳನ್ನು ಕವೆಯಂತೆ ಕೋನದಲ್ಲಿ ಕೊಡುವುದು ಒಳ್ಳೆಯದು. ಕ್ಲಾಂಪಿನೊಳಗೆ ರಬ್ಬರ್ ಹಾಸು ಇರಲಿ. ಬೋಲ್ಟ್ ಬಿಗಿದಾಗ ಪೈಪ್ ಅದುಮಿಕೊಂಡರೆ ಅಲ್ಲೇ ಬಿರುಕು, ಬಿರುಕಿನಿಂದ ನೀರು, ನೀರಿನಿಂದ ತುಕ್ಕು. ಪಿನ್ ಮತ್ತು ತೂತಿನ ನಡುವೆ ಆಟ ಇರಕೂಡದು. ಕುಣಿತವೇ ಕೆಲವು ಮಿಲಿಮೀಟರ್ ಇರುವ ಆ ಜಾಗದಲ್ಲಿ ಒಂದು ಮಿಲಿಮೀಟರ್ ಆಟವಿದ್ದರೂ ಡ್ಯಾಂಪರ್ ಕೆಲಸಕ್ಕೇ ಬರುವುದಿಲ್ಲ.

ಕೂರಿಸಿದ ಮೇಲೆ ಹಂತ 3ನ್ನು ಮತ್ತೆ ಮಾಡಿ. ಶೇ. 1 ಬರಬೇಕಿದ್ದರೆ ಹನ್ನೊಂದು ಸುತ್ತಿಗೆ ಅರ್ಧವಾಗಬೇಕು. ಆಗದಿದ್ದರೆ ಬಿಲ್ ಪಾಸ್ ಮಾಡಬೇಡಿ.

ಹಂತ 8: ಪ್ರತಿ ಮಳೆಗಾಲಕ್ಕೆ ಮುಂಚೆ

ಸಿಲಿಂಡರಿನ ರಾಡ್ ಮೇಲೆ ಬೆರಳಾಡಿಸಿ. ತೆಳ್ಳಗೆ ಎಣ್ಣೆ ಪಸೆ ಇರುವುದು ಸಹಜ, ಹನಿ ಜಿನುಗುತ್ತಿದ್ದರೆ ಸೀಲ್ ಹೋಗಿದೆ. ನಟ್ಟು ಮತ್ತು ಪ್ಲೇಟ್ ಮೇಲೆ ಸೇರಿಸಿ ಒಂದು ಬಿಳಿ ಬಣ್ಣದ ಗೆರೆ ಎಳೆದಿಟ್ಟಿರಿ. ಮುಂದಿನ ಸಲ ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಅಂತ ದೂರದಿಂದಲೇ ಗೊತ್ತಾಗುತ್ತದೆ. ಕೇಬಲ್ ಹಾಸಿನೊಳಕ್ಕೆ ಇಳಿಯುವಲ್ಲಿ ರಬ್ಬರ್ ಬೂಟ್ ಇರುತ್ತದೆ, ಅದರ ಮೇಲಂಚು ಬಾಯಿ ಬಿಟ್ಟಿದೆಯಾ ನೋಡಿ. ಬುಡದ ಉಕ್ಕಿನ ಕೊಳವೆಯಲ್ಲಿ ನೀರು ಹೋಗಲು ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಕಡಜಗಳಿಗೆ ಆ ತೂತು ಬಹಳ ಇಷ್ಟ, ಮಣ್ಣು ಮೆತ್ತಿ ಗೂಡು ಕಟ್ಟುತ್ತವೆ. ಒಂದು ತಂತಿ ತುಂಡು ಜೇಬಿನಲ್ಲಿಟ್ಟುಕೊಂಡು ಹೋಗಿ, ಕೆದಕಿ ಬಿಡಿಸಿ. ನಿಂತ ನೀರಿದ್ದರೆ ಹರಿದು ಬರುತ್ತದೆ. ತುಕ್ಕಿನ ಬಣ್ಣ ಇದೆಯಾ ಅಂತ ಬಿಳಿ ಬಟ್ಟೆಗೆ ಹಿಡಿದು ನೋಡಿ, ನೋಟ್‌ಬುಕ್ಕಿನಲ್ಲಿ ಆ ಕೇಬಲ್ಲಿನ ನಂಬರಿನ ಮುಂದೆ ಬರೆದುಕೊಳ್ಳಿ.